ಕೀರ್ತಿಯ ಜಮಾ-ಖರ್ಚು: ಒಬ್ಬ ಪೊಲೀಸ್ ಕಮೀಷನರರ ವೃತ್ತಿಜೀವನದ ವಿಮರ್ಶೆ

ಇನ್ನೂ ಸೇವೆಯಲ್ಲಿದ್ದ ಒಬ್ಬ ಪೊಲೀಸ್ ಅಧಿಕಾರಿಯ ಹೆಸರನ್ನೇ ಶೀರ್ಷಿಕೆಯಾಗಿ ಹೊತ್ತ ಕನ್ನಡ ಚಲನಚಿತ್ರವೊಂದು 1988ರಲ್ಲಿ ತೆರೆಕಂಡಿತು. ಪಿ. ನಂಜುಂಡಪ್ಪನವರು ನಿರ್ದೇಶಿಸಿದ, ಶಂಕರನಾಗ್ ಅವರು ನಾಯಕರಾಗಿ ನಟಿಸಿದ ಆ ‘ಸಾಂಗ್ಲಿಯಾನ’ ಚಿತ್ರವು ಜನಮನ್ನಣೆ ಗಳಿಸಿ, 1990ರಲ್ಲಿ ಅದರ ಎರಡನೆಯ ಭಾಗವೂ ಬಂದಿತು. ಆ ಹೆಸರಿನ ಅಧಿಕಾರಿ ಡಾ. ಎಚ್.ಟಿ. ಸಾಂಗ್ಲಿಯಾನ ಅವರು ದೂರದ ಮಿಜೋರಾಂನಲ್ಲಿ ಜನಿಸಿ, 1967ರಲ್ಲಿ ಭಾರತೀಯ ಪೊಲೀಸ್ ಸೇವೆಗೆ ಸೇರಿ, ಕರ್ನಾಟಕವನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಪಡೆದವರು. ಮುಂದೆ ಬೆಂಗಳೂರು ನಗರದ ಪೊಲೀಸ್ ಕಮೀಷನರರಾದವರು. ನಿವೃತ್ತಿಯ ನಂತರ ಲೋಕಸಭೆಯನ್ನು ಪ್ರವೇಶಿಸಿದವರು. ಅವರ ವೃತ್ತಿಜೀವನವನ್ನು ಕುರಿತು ಪ್ರಶಂಸೆಯ ಮಾತುಗಳು ಬೇಕಾದಷ್ಟು ಬಂದಿವೆ. ವಿಮರ್ಶೆಯ ಮಾತುಗಳು ಕಡಿಮೆ. ಬಂದವುಗಳೂ ಯಾವುದೋ ಒಂದು ದಿನದ ವಿವಾದಕ್ಕೆ ಸೀಮಿತವಾಗಿ, ಮರುವಾರ ಮರೆತುಹೋದವು.

ಅವರ ವೈಯಕ್ತಿಕ ಪ್ರಾಮಾಣಿಕತೆಯನ್ನಾಗಲಿ ಧೈರ್ಯವನ್ನಾಗಲಿ ಪ್ರಶ್ನಿಸುವುದು ಈ ಲೇಖನದ ಉದ್ದೇಶವಲ್ಲವೆಂದು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ನನ್ನ ಪ್ರಶ್ನೆ ಬೇರೆ. ಸಾರ್ವಜನಿಕ ಹುದ್ದೆಯೊಂದರಲ್ಲಿ ಕುಳಿತು ಗಳಿಸಿದ ಕೀರ್ತಿಯು ಯಾರ ಸ್ವತ್ತು? ಗಳಿಸಿದವನದೇ, ಹುದ್ದೆಯದೇ, ಅಥವಾ ಆ ಹುದ್ದೆಗೆ ಸಂಬಳ ತೆತ್ತ ಜನತೆಯದೇ? ಟ್ರಸ್ಟುಗಳ ಆಡಳಿತದಲ್ಲಿ ಪಾಲ್ಗೊಳ್ಳುವ ನಮ್ಮ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ. ದೇವದ್ರವ್ಯದ ಒಂದು ರೂಪಾಯಿಯನ್ನು ಟ್ರಸ್ಟಿಯು ಸ್ವಂತಕ್ಕೆ ಬಳಸಿದರೆ ನಾವು ಸಹಿಸುವುದಿಲ್ಲ. ಹಣಕ್ಕೆ ಅನ್ವಯಿಸುವ ಈ ನಿಯಮವು ಹೆಸರಿಗೂ ಅನ್ವಯಿಸಬೇಕೆ ಎಂಬುದು ಮಾತ್ರ ಇನ್ನೂ ಯಾರೂ ಸರಿಯಾಗಿ ಎತ್ತದ ವಿಷಯ.

ಮೊದಲು ಚಲನಚಿತ್ರದ ಮಾತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಸೀಮೆಯು ಮೂರು ರಾಜ್ಯಗಳು ಕೂಡುವ ಗಡಿನಾಡು. ಇಲ್ಲಿಯ ಪ್ರೇಕ್ಷಕನು ಕನ್ನಡದ ‘ಸಾಂಗ್ಲಿಯಾನ’ವನ್ನೂ ಸರಿಸುಮಾರು ಅದೇ ಕಾಲದ ತೆಲುಗಿನ ‘ಅಂಕುಶಂ’ ಚಿತ್ರವನ್ನೂ ಒಂದೇ ಉತ್ಸಾಹದಿಂದ ನೋಡಿದವನು. ಆ ವರ್ಷಗಳಲ್ಲಿ ಕೋಲಾರದ ಬಜಾರಿನ ಹಮಾಲರು ಬಿಗಿಯಾದ ಅಧಿಕಾರಿ ಯಾರೇ ವರ್ಗವಾಗಿ ಬರಲಿ, ಅವರನ್ನು ‘ಸಾಂಗ್ಲಿಯಾನ ಬಂದವ್ರೆ’ ಎಂದೇ ವರ್ಣಿಸುತ್ತಿದ್ದರು. ಒಬ್ಬ ವ್ಯಕ್ತಿಯ ಅಂಕಿತನಾಮವು ಹೀಗೆ ಜಾತಿವಾಚಕ ನಾಮವಾಗಿ ಮಾರ್ಪಟ್ಟಿದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಜನರು ಆ ಹೆಸರಿನಿಂದ ಸೂಚಿಸುತ್ತಿದ್ದುದು ಮಿಜೋರಾಂನಿಂದ ಬಂದ ಅಧಿಕಾರಿಯನ್ನೋ, ಶಂಕರನಾಗ್ ಅವರನ್ನೋ? 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪ ನಡೆದ ರಸ್ತೆ ಅಪಘಾತದಲ್ಲಿ ಶಂಕರನಾಗ್ ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡ ನಾಡಿನಲ್ಲಿ ಉಕ್ಕಿದ ದುಃಖವನ್ನು ಕಂಡವರಿಗೆ ಉತ್ತರ ತಿಳಿದಿದೆ. ಇಂದಿಗೂ ಆಟೋರಿಕ್ಷಾಗಳ ಹಿಂಬದಿಯಲ್ಲಿ ಅವರ ಚಿತ್ರವನ್ನು ನೋಡುತ್ತೇವೆ. ಆ ಪ್ರೀತಿಯ ಒಂದು ಭಾಗವು, ಅವರ ಮರಣದ ನಂತರ, ಅವರು ಧರಿಸಿದ ಪಾತ್ರದ ಹೆಸರಿಗೂ ಆ ಹೆಸರಿನ ಜೀವಂತ ಒಡೆಯರಿಗೂ ಹರಿದು ಬಂದಿತೆಂದರೆ ತಪ್ಪಾಗಲಾರದು. ಹೆಸರು ಅಧಿಕಾರಿಯದು; ಅದಕ್ಕೆ ಕಟ್ಟಿದ ಬೆಲೆಯಲ್ಲಿ ನಟನ ಪಾಲು ದೊಡ್ಡದು.

ಈ ಬಗೆಯ ಚಿತ್ರಗಳು ಪೊಲೀಸ್ ಕೆಲಸವನ್ನು ಕುರಿತು ಏನು ಕಲಿಸುತ್ತವೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಅಲ್ಲಿ ಅಧಿಕಾರಿಯು ಏಕಾಂಗಿ. ಅವನ ಮೇಲಧಿಕಾರಿಗಳು ಅಂಜುಬುರುಕರು ಅಥವಾ ಭ್ರಷ್ಟರು, ಕೆಳಗಿನ ಪೇದೆಗಳು ಹಾಸ್ಯಕ್ಕಾಗಿ ಇರುವವರು. ದುಷ್ಟನನ್ನು ಹಿಡಿದು ಬಡಿದೊಡನೆ ಕಥೆ ಮುಗಿಯಿತು. ವಾಸ್ತವದಲ್ಲಿ ಪೊಲೀಸ್ ಕೆಲಸ ಆರಂಭವಾಗುವುದೇ ಆಗ. ಬಂಧಿತನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಮಹಜರು ಬರೆಯಬೇಕು, ಸಾಕ್ಷಿಗಳ ಹೇಳಿಕೆಗಳನ್ನು ದಾಖಲಿಸಬೇಕು, ಅಪರಾಧದ ಗುರುತ್ವವನ್ನನುಸರಿಸಿ ಅರವತ್ತು ಅಥವಾ ತೊಂಬತ್ತು ದಿನಗಳೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಯು ಜಾಮೀನು ಪಡೆಯಲು ಹಕ್ಕುಳ್ಳವನಾಗುತ್ತಾನೆ. ನಂತರ ಆ ಸಾಕ್ಷಿಗಳು ವರ್ಷಗಟ್ಟಲೆ, ಯಾವ ಬೆದರಿಕೆಗೂ ಬಗ್ಗದೆ, ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು. ಇದಾವುದಕ್ಕೂ ಸಂಗೀತ ಸಂಯೋಜಿಸಲು ಸಾಧ್ಯವಿಲ್ಲ. ಆದ್ದರಿಂದ ತೆರೆಯ ಮೇಲೆ ಇದು ಬರುವುದಿಲ್ಲ.

ತೆರೆಯ ಮೇಲೆ ಬರದ ಕೆಲಸ ನಡೆಯದಿದ್ದಾಗ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ದಹಿಸಲಾಯಿತು. ವಿಚಾರಣೆಯ ಕಾಲಕ್ಕೆ ಸಾಕ್ಷಿಗಳು ತಮ್ಮ ಹಿಂದಿನ ಹೇಳಿಕೆಗಳಿಂದ ಹಿಂದೆ ಸರಿದರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ಖುಲಾಸೆಯನ್ನು ಎತ್ತಿಹಿಡಿಯಿತು. ಏಳು ಜೀವಗಳು ಬೆಂಕಿಗೆ ಆಹುತಿಯಾದವು. ಕಾನೂನಿನ ದೃಷ್ಟಿಯಲ್ಲಿ ಅವರನ್ನು ಕೊಂದವರು ಯಾರೂ ಇಲ್ಲ. ಅಹಿಂಸೆಯನ್ನು ಕುರಿತು ಪುಟಗಟ್ಟಲೆ ಬರೆಯುವ ನಾವು ಈ ಘಟನೆ ನಡೆದ ಜಿಲ್ಲೆಯಲ್ಲೇ ಅಂಗಡಿ ತೆರೆದು ಕುಳಿತವರು. ಈ ಪ್ರಕರಣಕ್ಕೆ ಅಂಟಿಕೊಂಡ ಒಂದೇ ಒಂದು ಪೊಲೀಸ್ ಅಧಿಕಾರಿಯ ಹೆಸರು ಬಜಾರಿನಲ್ಲಿ ಯಾರ ಬಾಯಲ್ಲೂ ಇಲ್ಲ. ಗೆಲುವಿಗೆ ಹೆಸರುಂಟು, ಚಿತ್ರವುಂಟು, ಎರಡನೆಯ ಭಾಗವುಂಟು. ಸೋಲನ್ನು ‘ಇಲಾಖೆ’ ಎಂಬ ಅನಾಮಧೇಯ ಖಾತೆಗೆ ಬರೆದು ಪುಟ ಮಗುಚಲಾಗುತ್ತದೆ. ವಾಣಿಜ್ಯ ಪದವಿಯ ಮೊದಲ ವರ್ಷದಲ್ಲೇ ಇಂತಹ ಲೆಕ್ಕವನ್ನು ತಪ್ಪೆಂದು ಕಲಿಸುತ್ತಾರೆ.

ಇಲ್ಲಿ ಕಮೀಷನರ್ ಹುದ್ದೆಯ ಸ್ವರೂಪವನ್ನು ತುಸು ವಿವರಿಸುವುದು ಅವಶ್ಯ. ಏಕೆಂದರೆ ನಮ್ಮ ನಾಲ್ಕೂ ಊರುಗಳಲ್ಲಿ ಅಂತಹ ಹುದ್ದೆಯಿಲ್ಲ. ಕೋಲಾರದಲ್ಲಿ ಒಬ್ಬ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿದ್ದಾರೆ. ಗಣಿಯ ಕಾಲದಿಂದ ಬಂದ ವ್ಯವಸ್ಥೆಯಂತೆ ಕೆ.ಜಿ.ಎಫ್.ಗೆ ಪ್ರತ್ಯೇಕ ಸೂಪರಿಂಟೆಂಡೆಂಟರಿದ್ದಾರೆ. ಗಲಭೆಯ ಸೂಚನೆ ಕಂಡು ನಿಷೇಧಾಜ್ಞೆ ಹೊರಡಿಸಬೇಕಾದರೆ ಇವರು ಜಿಲ್ಲಾಧಿಕಾರಿಯ ಅಥವಾ ತಹಸೀಲ್ದಾರರ ಮುಂದೆ ವರದಿ ಇಡಬೇಕು. ಒಬ್ಬರು ಕೇಳುವವರು, ಇನ್ನೊಬ್ಬರು ಆಜ್ಞೆ ಕೊಡುವವರು. ಬೆಂಗಳೂರಿನಲ್ಲಿ 1963ರಿಂದ ಕಮೀಷನರ್ ಪದ್ಧತಿ ಜಾರಿಯಲ್ಲಿದೆ. ಅಲ್ಲಿ ಈ ಮ್ಯಾಜಿಸ್ಟ್ರೇಟ್ ಅಧಿಕಾರವೂ ಕಮೀಷನರರ ಕೈಯಲ್ಲೇ ಇದೆ. ಮೆರವಣಿಗೆಗೆ ಅನುಮತಿ ನೀಡುವವರೂ ಅವರೇ, ಅದನ್ನು ತಡೆಯುವ ಲಾಠಿಯ ಒಡೆಯರೂ ಅವರೇ. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಚೀಟಿ ಬರೆಯುವವನೂ ಹಣ ಎಣಿಸಿ ಕೊಡುವವನೂ ಒಬ್ಬನೇ. ಮಹಾನಗರಕ್ಕೆ ಇಂತಹ ತ್ವರಿತ ವ್ಯವಸ್ಥೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಧಿಕಾರ ಇಷ್ಟು ಒಂದೆಡೆ ಕೂಡಿದಾಗ, ಆ ಕುರ್ಚಿಯಲ್ಲಿ ಕುಳಿತವರ ಹೆಸರೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಬೆಂಗಳೂರಿನ ಕಮೀಷನರರ ಹೆಸರು ಮುಳಬಾಗಿಲಿನ ಹುಡುಗನಿಗೂ ಗೊತ್ತು. ಅವನ ಊರಿನ ಠಾಣೆಯ ಸಬ್ ಇನ್ಸ್‌ಪೆಕ್ಟರರ ಹೆಸರು ಗೊತ್ತಿರಲಾರದು.

ಹಾಗೆ ಬೆಳೆದ ಹೆಸರಿಗೆ ಬಂಡವಾಳ ಹೂಡಿದವರು ಯಾರು? ನಾಲ್ಕು ದಶಕಗಳ ಕಾಲ ಬೀದಿಗೆ ಮುಖ ಮಾಡಿ ಕುಳಿತ ವರ್ತಕನಾಗಿ ನಾನು ನೋಡಿದ ಪೊಲೀಸ್ ಎಂದರೆ ರಾತ್ರಿ ಎರಡು ಗಂಟೆಗೆ ಅಂಗಡಿ ಸಾಲಿನ ಬೀಗಗಳನ್ನು ಒಂದೊಂದಾಗಿ ಎಳೆದು ನೋಡಿ, ಬೀಟ್ ಪುಸ್ತಕದಲ್ಲಿ ರುಜು ಹಾಕಿ ಹೋಗುವ ಪೇದೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದಾಗ ಲಾರಿಗಳ ಸಾಲನ್ನು ಬಿಡಿಸುವವನು ಅವನು. ನಂಗಲಿಯ ಗಡಿಯಲ್ಲಿ ಮಳೆಯಲ್ಲಿ ನಿಂತು ವಾಹನ ತಪಾಸಣೆ ಮಾಡುವವನು, ಕೋಲಾರದ ಟೊಮ್ಯಾಟೊ ಮಾರುಕಟ್ಟೆಯಲ್ಲಿ ಬೆಳಗಿನ ಜಾವದ ತಂಟೆಯನ್ನು ಬಾಯಿ ಮಾತಿನಿಂದಲೇ ಮುಗಿಸಿ ಕಳಿಸುವವನು ಅವನು. ಅವನು ಒಂದು ರಾತ್ರಿ ಕರ್ತವ್ಯ ತಪ್ಪಿದರೆ ಕಳ್ಳತನವಾಗುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮುನ್ನೂರು ರಾತ್ರಿ ಕರ್ತವ್ಯ ಮಾಡಿದರೆ ಏನೂ ಆಗುವುದಿಲ್ಲ; ಏನೂ ಆಗದಿರುವುದು ಸುದ್ದಿಯಲ್ಲ. ಈ ಮುನ್ನೂರು ರಾತ್ರಿಗಳ ಫಲವಾದ ನೆಮ್ಮದಿಯನ್ನು ನಾವು ‘ಇವರು ಬಂದ ಮೇಲೆ ಊರು ಶಾಂತವಾಯಿತು’ ಎಂದು ಒಬ್ಬ ಹಿರಿಯ ಅಧಿಕಾರಿಯ ಹೆಸರಿಗೆ ಜಮಾ ಮಾಡುತ್ತೇವೆ.

ವ್ಯಾಪಾರದಲ್ಲಿ ಇಂತಹ ಅಗೋಚರ ಆಸ್ತಿಗೆ ಗುಡ್‌ವಿಲ್ ಎನ್ನುತ್ತಾರೆ. ಅದು ಕಪಾಟಿನಲ್ಲಿರುವುದಿಲ್ಲ, ತೂಕಕ್ಕೆ ಸಿಗುವುದಿಲ್ಲ. ಆದರೂ ಪಾಲುದಾರನು ಹೊರಹೋಗುವಾಗ ಅತ್ಯಂತ ಕಠಿಣ ಜಗಳ ನಡೆಯುವುದು ಅದರ ವಿಷಯದಲ್ಲೇ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 36ನೆಯ ಪ್ರಕರಣವು ಈ ವಿಷಯದಲ್ಲಿ ಸೊಗಸಾದ ವಿವೇಕವನ್ನು ತೋರಿಸಿದೆ. ಹೊರಹೋದ ಪಾಲುದಾರನು ಅದೇ ಬಗೆಯ ವ್ಯಾಪಾರವನ್ನು ಹೂಡಬಹುದು, ಜಾಹೀರಾತನ್ನೂ ಕೊಡಬಹುದು. ಆದರೆ, ಬೇರೆ ಕರಾರು ಇಲ್ಲದಿದ್ದ ಪಕ್ಷದಲ್ಲಿ, ಹಳೆಯ ಸಂಸ್ಥೆಯ ಹೆಸರನ್ನು ಬಳಸುವಂತಿಲ್ಲ. ತಾನಿನ್ನೂ ಆ ಸಂಸ್ಥೆಯವನೇ ಎಂದು ತೋರಿಸಿಕೊಳ್ಳುವಂತಿಲ್ಲ. ಅದರ ಗಿರಾಕಿಗಳನ್ನು ತನ್ನತ್ತ ಕರೆಯುವಂತಿಲ್ಲ. ಅವನ ಜೀವನೋಪಾಯಕ್ಕೆ ಕಾನೂನು ಅಡ್ಡಿ ಬರುವುದಿಲ್ಲ, ಎಲ್ಲರೂ ಸೇರಿ ಕಟ್ಟಿದ ಹೆಸರನ್ನು ಒಬ್ಬನೇ ಹೊತ್ತೊಯ್ಯುವುದಕ್ಕೆ ಮಾತ್ರ ಅಡ್ಡಿ ಬರುತ್ತದೆ. ಎರಡು ಸಾವಿರ ರೂಪಾಯಿ ಬಂಡವಾಳದ ಕಿರಾಣಿ ಅಂಗಡಿಗೆ ಇರುವ ಈ ರಕ್ಷಣೆ ಪೊಲೀಸ್ ಇಲಾಖೆಗೆ ಇಲ್ಲ.

2004ರ ಲೋಕಸಭಾ ಚುನಾವಣೆಯಲ್ಲಿ ಶ್ರೀ ಸಾಂಗ್ಲಿಯಾನ ಅವರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಬೆಂಗಳೂರು ಉತ್ತರದಿಂದ ಸ್ಪರ್ಧಿಸಿ, ಅನೇಕ ಬಾರಿ ಆ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಮಾಜಿ ರೈಲ್ವೆ ಮಂತ್ರಿ ಶ್ರೀ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ 18 ಸ್ಥಾನಗಳನ್ನು ಆ ಪಕ್ಷವು ಗೆದ್ದಿತ್ತಾದ್ದರಿಂದ, ಗೆಲುವನ್ನು ಪೂರ್ತಿಯಾಗಿ ಚಲನಚಿತ್ರದ ಖಾತೆಗೆ ಹಾಕುವುದು ನ್ಯಾಯವಲ್ಲ. ಆದರೂ ಹಳಿಗಳ ಅಗಲವನ್ನು ದೇಶದಾದ್ಯಂತ ಬದಲಿಸಹೊರಟ ಮಂತ್ರಿಯನ್ನು ಸೋಲಿಸುವಾಗ, ಯಾವ ಶಾಸನಸಭೆಯ ಅನುಭವವೂ ಇಲ್ಲದ ಅಭ್ಯರ್ಥಿಗೆ ಆ ಹೆಸರು ಎಷ್ಟು ಒದಗಿ ಬಂದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. 2008ರ ಜುಲೈ 22ರಂದು, ಅಣು ಒಪ್ಪಂದದ ಹಿನ್ನೆಲೆಯಲ್ಲಿ ಶ್ರೀ ಮನಮೋಹನ್ ಸಿಂಗ್ ಅವರ ಸರ್ಕಾರವು ವಿಶ್ವಾಸಮತ ಯಾಚಿಸಿದಾಗ, ಅವರು ತಮ್ಮ ಪಕ್ಷದ ಆದೇಶವನ್ನು ಮೀರಿ ಸರ್ಕಾರದ ಪರವಾಗಿ ಮತ ಚಲಾಯಿಸಿದರು. ಪಕ್ಷವು ಅವರನ್ನು ಉಚ್ಚಾಟಿಸಿತು. 2009ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಬೆಂಗಳೂರು ಕೇಂದ್ರದಲ್ಲಿ ನಿಂತು ಶ್ರೀ ಪಿ.ಸಿ. ಮೋಹನ್ ಅವರೆದುರು ಸೋತರು. ಅನಂತರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಉಪಾಧ್ಯಕ್ಷರಾಗಿ ಕೆಲಸ ಮಾಡಿದರು.

2008ರ ಆ ಮತವನ್ನು ಕೆಲವರು ಆತ್ಮಸಾಕ್ಷಿಯ ಮತವೆಂದರು, ಕೆಲವರು ವಿಶ್ವಾಸದ್ರೋಹವೆಂದರು. ಎರಡಕ್ಕೂ ನನ್ನಲ್ಲಿ ಸಹಮತವಿಲ್ಲ. ಗಮನಿಸಬೇಕಾದ ಸಂಗತಿ ಎಂದರೆ, ಹೆಸರಿಗೆ ಮತ ಹಾಕಿದ ಜನರಿಗೆ ಆ ಹೆಸರಿನ ವ್ಯಕ್ತಿಯ ರಾಜಕೀಯ ವಿಚಾರಗಳೇನು, ದೇಶದ ಇಂಧನ ನೀತಿಯ ಬಗ್ಗೆ ಅವರ ಅಭಿಪ್ರಾಯವೇನು ಎಂಬುದು 2004ರಲ್ಲಿ ತಿಳಿದಿರಲಿಲ್ಲ. ತಿಳಿಯುವ ಅವಶ್ಯಕತೆಯೂ ಅವರಿಗೆ ಕಂಡಿರಲಿಲ್ಲ. ಖಾಕಿಯು ನೀಡಿದ ನಂಬಿಕೆಯ ಹುಂಡಿಯನ್ನು ಅವರು ಬೇರೆ ಪೇಟೆಯಲ್ಲಿ ನಗದಾಗಿಸಿಕೊಟ್ಟರು. ಆ ಪೇಟೆಯ ದರ ಬೇರೆಯೆಂದು ನಾಲ್ಕು ವರ್ಷದ ಮೇಲೆ ಗೊತ್ತಾಯಿತು.

ಇದು ಒಬ್ಬರ ಮಾತಲ್ಲ. ಮುಂಬಯಿಯ ಪೊಲೀಸ್ ಕಮೀಷನರರಾಗಿದ್ದ ಶ್ರೀ ಸತ್ಯಪಾಲ್ ಸಿಂಗ್ ಅವರು 2014ರ ಆರಂಭದಲ್ಲಿ ಹುದ್ದೆ ತೊರೆದು, ಅದೇ ವರ್ಷ ಲೋಕಸಭೆಗೆ ಆರಿಸಿ ಬಂದು, ಮುಂದೆ ಮಂತ್ರಿಯೂ ಆದರು. ನಮ್ಮಲ್ಲಿ 2019-20ರಲ್ಲಿ ಬೆಂಗಳೂರಿನ ಕಮೀಷನರರಾಗಿದ್ದ ಶ್ರೀ ಭಾಸ್ಕರ ರಾವ್ ಅವರು 2022ರಲ್ಲಿ ಆಮ್ ಆದ್ಮಿ ಪಕ್ಷವನ್ನೂ 2023ರಲ್ಲಿ ಭಾರತೀಯ ಜನತಾ ಪಕ್ಷವನ್ನೂ ಸೇರಿ, ಚಾಮರಾಜಪೇಟೆಯಲ್ಲಿ ಸ್ಪರ್ಧಿಸಿ ಸೋತರು. ಅಮೆರಿಕೆಯ ಥಿಯೊಡೋರ್ ರೂಸ್‌ವೆಲ್ಟರು 1895ರಿಂದ 1897ರವರೆಗೆ ನ್ಯೂಯಾರ್ಕ್ ನಗರದ ಪೊಲೀಸ್ ಮಂಡಲಿಯ ಅಧ್ಯಕ್ಷರಾಗಿದ್ದು, 1901ರಲ್ಲಿ ಆ ದೇಶದ ಅಧ್ಯಕ್ಷರೇ ಆದರು. ನಿವೃತ್ತ ಅಧಿಕಾರಿಯೂ ನಾಗರಿಕನೇ, ಚುನಾವಣೆಗೆ ನಿಲ್ಲುವ ಹಕ್ಕು ಅವನಿಗುಂಟು, ಗೆಲ್ಲಿಸುವುದು ಸೋಲಿಸುವುದು ಮತದಾರರಿಗೆ ಬಿಟ್ಟದ್ದು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಮೂವತ್ತು ವರ್ಷ ಅಪರಾಧವನ್ನೂ ಬಡತನವನ್ನೂ ಹತ್ತಿರದಿಂದ ಕಂಡವರು ಶಾಸನಸಭೆಯಲ್ಲಿದ್ದರೆ ಒಳ್ಳೆಯದೇ. ಆದರೆ ನಮ್ಮ ನಿಯಮಗಳಲ್ಲಿರುವ ಒಂದು ವಿಚಿತ್ರವನ್ನು ನೋಡಿರಿ. ಅಖಿಲ ಭಾರತ ಸೇವೆಯ ಅಧಿಕಾರಿಯು ನಿವೃತ್ತನಾದ ಒಂದು ವರ್ಷದೊಳಗೆ ಖಾಸಗಿ ಕಂಪನಿಯೊಂದರಲ್ಲಿ ಉದ್ಯೋಗ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು. ಸೇವೆಯಲ್ಲಿದ್ದಾಗ ಆ ಕಂಪನಿಗೆ ಉಪಕಾರ ಮಾಡಿರಬಹುದೆಂಬ ಶಂಕೆ ಅದಕ್ಕೆ ಕಾರಣ. ರಾಜಕೀಯ ಪಕ್ಷವನ್ನು ಸೇರಲು ಇಂತಹ ಕಾಲಾವಧಿಯೇ ಇಲ್ಲ. ಕಂಪನಿಗೆ ಮಾಡುವ ಉಪಕಾರಕ್ಕಿಂತ ಪಕ್ಷಕ್ಕೆ ಮಾಡುವ ಉಪಕಾರ ಸಣ್ಣದೇ? ಈ ಪ್ರಶ್ನೆಯು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅದು ಶಾಸಕಾಂಗವು ನಿರ್ಧರಿಸಬೇಕಾದ ವಿಷಯವೆಂದು ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಶಾಸಕಾಂಗವನ್ನು ನಡೆಸುವವು ಪಕ್ಷಗಳೇ ಆದ್ದರಿಂದ ನಿರ್ಧಾರವು ಬೇಗ ಬರಲಾರದೆಂದು ನನ್ನ ಅನಿಸಿಕೆ.

2018ರ ಮಾರ್ಚ್ ತಿಂಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಬಿಟ್ಟು ಈ ವೃತ್ತಿಜೀವನವನ್ನು ವಿಮರ್ಶಿಸಲಾಗದು. ದೆಹಲಿಯಲ್ಲಿ 2012ರಲ್ಲಿ ಅತ್ಯಾಚಾರಕ್ಕೊಳಗಾಗಿ ಮೃತಳಾದ ಯುವತಿಯ ತಾಯಿಯನ್ನು ಬೆಂಗಳೂರಿನ ಸಭೆಯೊಂದಕ್ಕೆ ಆಹ್ವಾನಿಸಲಾಗಿತ್ತು. ಅದೇ ವೇದಿಕೆಯಿಂದ ಮಾತನಾಡಿದ ಶ್ರೀ ಸಾಂಗ್ಲಿಯಾನ ಅವರು ಆ ತಾಯಿಯ ರೂಪವನ್ನು ಪ್ರಸ್ತಾಪಿಸಿ, ಅದರಿಂದ ಮಗಳ ಸೌಂದರ್ಯವನ್ನು ಊಹಿಸಿಕೊಂಡರು. ಬಲಾತ್ಕಾರವನ್ನು ಎದುರಿಸಲಾಗದಿದ್ದರೆ ಮಣಿಯುವುದೇ ಮೇಲೆಂಬ ಅರ್ಥದ ಮಾತನ್ನೂ ಆಡಿದರು. ದೇಶದಾದ್ಯಂತ ಖಂಡನೆ ವ್ಯಕ್ತವಾಯಿತು. ಮಾತು ಖಂಡನಾರ್ಹವೇ, ಮಗಳನ್ನು ಕಳೆದುಕೊಂಡ ತಾಯಿಯೆದುರು ಆ ಮಾತು ಆಡಬಾರದಿತ್ತು. ಜನರು ಕೆರಳಿದ್ದರ ಜೊತೆಗೆ ಬೆರಗಾಗಿದ್ದನ್ನೂ ನಾನು ಗಮನಿಸಿದೆ. ‘ಸಾಂಗ್ಲಿಯಾನ ಹೀಗೆ ಮಾತನಾಡುವುದೇ?’ ಎಂದು ನಮ್ಮ ಬಜಾರಿನಲ್ಲೇ ಕೇಳಿದವರಿದ್ದರು. ಅವರು ಯಾವ ಸಾಂಗ್ಲಿಯಾನರನ್ನು ಕುರಿತು ಕೇಳುತ್ತಿದ್ದರು? ತೆರೆಯ ಮೇಲಿನವರು 1990ರಲ್ಲೇ ತೀರಿಕೊಂಡಿದ್ದರು. ಆದರೂ ಒಂದು ಮಾತನ್ನು ಹೇಳಲೇಬೇಕು. ಆ ಭಾಷಣದಲ್ಲಿ ಹೆಣ್ಣನ್ನು ಕಂಡ ಬಗೆಯು ಆ ಕಾಲದ ಪೊಲೀಸ್ ಚಿತ್ರಗಳು ಹೆಣ್ಣನ್ನು ಕಂಡ ಬಗೆಗಿಂತ ಬಹಳ ದೂರದ್ದಲ್ಲ. ಅಲ್ಲಿ ಅವಳು ನಾಯಕನು ಬಂದು ಕಾಪಾಡಬೇಕಾದ ಸುಂದರಿ; ಠಾಣೆಗೆ ಬಂದು, ಕುರ್ಚಿಯಲ್ಲಿ ಕುಳಿತು, ದೂರು ಬರೆಸಿ, ಅದರ ಪ್ರತಿಯನ್ನು ಕೇಳಿ ಪಡೆಯುವ ಹಕ್ಕುಳ್ಳ ನಾಗರಿಕಳಲ್ಲ.

ಕೀರ್ತಿಯನ್ನು ಒಬ್ಬರ ಹೆಸರಿಗೆ ಬರೆಯುವ ಅಭ್ಯಾಸದಿಂದ ಏನು ನಷ್ಟ, ಒಳ್ಳೆಯ ಅಧಿಕಾರಿಗೆ ಒಂದಿಷ್ಟು ಹೊಗಳಿಕೆ ಸಿಕ್ಕರೆ ನಿಮಗೇನು ಹೊಟ್ಟೆಯುರಿ ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ನಷ್ಟವೇನೆಂಬುದನ್ನು ತೀರ ಇತ್ತೀಚಿನ ಉದಾಹರಣೆಯೊಂದು ತಿಳಿಸುತ್ತದೆ. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ಕ್ರಿಕೆಟ್ ತಂಡವು ಅಹಮದಾಬಾದಿನಲ್ಲಿ ಐ.ಪಿ.ಎಲ್. ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನವೇ ವಿಧಾನಸೌಧದ ಮುಂದೆ ಸನ್ಮಾನ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮಾಚರಣೆ. ಸುಮಾರು 35,000 ಮಂದಿ ಹಿಡಿಸುವ ಕ್ರೀಡಾಂಗಣದ ಬಾಗಿಲುಗಳ ಮುಂದೆ ಲಕ್ಷಾಂತರ ಜನ ಸೇರಿದರು. ನೂಕುನುಗ್ಗಲಿನಲ್ಲಿ 11 ಮಂದಿ ಮೃತಪಟ್ಟರು. ಹೆಚ್ಚಿನವರು ಎಳೆಯರು, ನಮ್ಮ ಕೋಲಾರ ಜಿಲ್ಲೆಯ ಯುವತಿಯೊಬ್ಬಳೂ ಅವರಲ್ಲಿದ್ದಳು. ಜೂನ್ 5ರಂದು ಸರ್ಕಾರವು ಕಮೀಷನರ್ ಶ್ರೀ ಬಿ. ದಯಾನಂದ ಅವರನ್ನೂ ಅವರ ಅಧೀನದ ನಾಲ್ವರು ಅಧಿಕಾರಿಗಳನ್ನೂ ಅಮಾನತುಗೊಳಿಸಿತು. 1994ರ ತಂಡದ ಅಧಿಕಾರಿ. ಸಂಚಾರ, ಗುಪ್ತವಾರ್ತೆ ಮುಂತಾದ ವಿಭಾಗಗಳಲ್ಲಿ ಕೆಲಸ ಮಾಡಿ, 2023ರ ಮೇ ತಿಂಗಳಿಂದ ಆ ಹುದ್ದೆಯಲ್ಲಿದ್ದವರು. ಮೂರು ದಶಕಗಳ ವೃತ್ತಿಜೀವನವು ಒಂದು ಸಂಜೆಯ ಲೆಕ್ಕದಿಂದ ಅಳೆಯಲ್ಪಟ್ಟಿತು.

ಹನ್ನೊಂದು ಜೀವಗಳು ಹೋದ ಮೇಲೆ ಪೊಲೀಸ್ ಮುಖ್ಯಸ್ಥರನ್ನು ಯಾರೂ ಏನೂ ಕೇಳಬಾರದೆಂದು ನಾನು ಹೇಳುತ್ತಿಲ್ಲ. ಅನುಮತಿ ನೀಡುವ ಅಧಿಕಾರವೂ ತಡೆಯುವ ಅಧಿಕಾರವೂ ಅವರ ಹುದ್ದೆಗೇ ಸೇರಿದ್ದೆಂದು ಮೇಲೆಯೇ ಬರೆದಿದ್ದೇನೆ, ಕೇಳಲೇಬೇಕು. ಆದರೆ ವಿಜಯೋತ್ಸವವನ್ನು ಅಷ್ಟು ಅವಸರದಲ್ಲಿ ಏರ್ಪಡಿಸಿದವರು ಯಾರು, ಜನರನ್ನು ಕರೆದವರು ಯಾರು, ಕ್ರೀಡಾಂಗಣದ ಬಾಗಿಲುಗಳ ಕೀಲಿ ಯಾರ ಕೈಯಲ್ಲಿತ್ತು ಎಂಬುದನ್ನು ನಿಧಾನವಾಗಿ ತೂಗಿ ನೋಡುವ ಮೊದಲೇ, ಒಂದೇ ದಿನದಲ್ಲಿ ಹೆಸರು ಹಿಡಿದು ಬರೆದ ಆ ಲೆಕ್ಕವು ತನಿಖೆಯಾಗಲಿಲ್ಲ. ಜುಲೈ 1ರಂದು ಕೇಂದ್ರ ಆಡಳಿತ ನ್ಯಾಯಮಂಡಲಿಯು ಅಮಾನತಾದವರಲ್ಲಿ ಒಬ್ಬರಾದ ಹೆಚ್ಚುವರಿ ಕಮೀಷನರ್ ಶ್ರೀ ವಿಕಾಸ್ ಕುಮಾರ್ ಅವರ ಅಮಾನತನ್ನು ರದ್ದುಪಡಿಸುತ್ತ, ಪೊಲೀಸರೂ ಮನುಷ್ಯರೇ, ಮಾಯಾವಿಗಳಲ್ಲವೆಂಬ ಭಾವದ ಮಾತನ್ನು ದಾಖಲಿಸಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಅವರ ವಿಚಾರಣಾ ಆಯೋಗವು ಅದೇ ತಿಂಗಳಲ್ಲಿ ವರದಿ ಒಪ್ಪಿಸಿತು. ಜುಲೈ ಕೊನೆಗೆ ಶ್ರೀ ದಯಾನಂದ ಅವರ ಅಮಾನತು ತೆರವಾಯಿತು. ನ್ಯಾಯಮಂಡಲಿಯ ಮಾತು ನನ್ನನ್ನು ತಡೆದು ನಿಲ್ಲಿಸಿತು. ಪೊಲೀಸ್ ಅಧಿಕಾರಿಯು ಮಾಯಾವಿಯೆಂದು ನಮಗೆ ಹೇಳಿಕೊಟ್ಟವರು ಯಾರು? ಮೂವತ್ತೈದು ವರ್ಷಗಳಿಂದ ಒಂಟಿ ವೀರನ ಚಿತ್ರಕ್ಕೆ ಶಿಳ್ಳೆ ಹೊಡೆದ ಸಮಾಜವು, ಮಾಯೆ ನಡೆಯದ ದಿನ ಆ ಒಂಟಿಯವನನ್ನೇ ಹುಡುಕಿಕೊಂಡು ಹೋಗುತ್ತದೆ. ಗೆಲುವನ್ನು ಒಬ್ಬನಿಗೆ ಜಮಾ ಮಾಡಿದವರು ಸಾವನ್ನೂ ಒಬ್ಬನ ಹೆಸರಿಗೇ ಖರ್ಚು ಬರೆಯುತ್ತಾರೆ. ನಡುವೆ ನಿಂತ ಉಳಿದ ಪಾಲುದಾರರೆಲ್ಲ ಪುಸ್ತಕದಿಂದ ಜಾರಿಹೋಗುತ್ತಾರೆ. ಕಂಬಾಲಪಲ್ಲಿಯಲ್ಲಾದರೋ ಯಾರ ಹೆಸರೂ ಇರಲಿಲ್ಲ. ಎರಡೂ ಕಡೆ ಸತ್ತವರ ಮನೆಯವರಿಗೆ ದೊರೆಯಬೇಕಾದ ಉತ್ತರ ದೊರೆತಿಲ್ಲ.

ಅಧಿಕಾರಿಗಳ ಅವಧಿಯ ವಿಷಯವೂ ಇದಕ್ಕೆ ಹೊಂದಿಕೊಂಡೇ ಇದೆ. 2006ರ ಸೆಪ್ಟೆಂಬರಿನಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಮುಖ ಪೊಲೀಸ್ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿಯಿರಬೇಕೆಂದು ನಿರ್ದೇಶಿಸಿತು. 2019ರ ಜೂನ್‌ನಲ್ಲಿ ಬೆಂಗಳೂರಿನ ಕಮೀಷನರರಾಗಿ ನೇಮಕಗೊಂಡ ಶ್ರೀ ಅಲೋಕ್ ಕುಮಾರ್ ಅವರು ಸರ್ಕಾರ ಬದಲಾದೊಡನೆ, ಎರಡು ತಿಂಗಳು ತುಂಬುವ ಮುನ್ನವೇ ವರ್ಗವಾದರು. ಮುನೀಮನನ್ನು ಎರಡು ತಿಂಗಳಿಗೊಮ್ಮೆ ಬದಲಿಸುವ ಅಂಗಡಿಯಲ್ಲಿ ಯಾರ ಕಾಲದ ಲೆಕ್ಕವನ್ನು ಯಾರಿಂದ ಕೇಳುವುದು?

ಕೊನೆಯಲ್ಲಿ ನಮ್ಮ ಟ್ರಸ್ಟುಗಳಿಗೆ ಸಂಬಂಧಿಸಿದ ಒಂದು ಮಾತು. ಉತ್ಸವಗಳಲ್ಲಿ, ಪಾಠಶಾಲೆಯ ವಾರ್ಷಿಕೋತ್ಸವಗಳಲ್ಲಿ ಹಿರಿಯ ಪೊಲೀಸ್ ಅಧಿಕಾರಿಗಳನ್ನು ಕರೆದು, ಶಾಲು ಹೊದಿಸಿ, ಬಿನ್ನವತ್ತಳೆ ಓದುವುದು ನಾಲ್ಕೂ ತಾಲ್ಲೂಕುಗಳಲ್ಲಿ ರೂಢಿಯಾಗಿದೆ. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳ ಪ್ರಕಾರ, ಸೇವೆಯಲ್ಲಿರುವ ಅಧಿಕಾರಿಯು ಸರ್ಕಾರದ ಪೂರ್ವಾನುಮತಿಯಿಲ್ಲದೆ ತನ್ನ ಗೌರವಾರ್ಥ ನಡೆಯುವ ಇಂತಹ ಸಭೆಯಲ್ಲಿ ಭಾಗವಹಿಸುವಂತಿಲ್ಲ, ಬಿನ್ನವತ್ತಳೆಯನ್ನು ಸ್ವೀಕರಿಸುವಂತಿಲ್ಲ. ಖಾಸಗಿ ಸ್ವರೂಪದ ಬೀಳ್ಕೊಡುಗೆಯಂತಹ ಕೆಲವಕ್ಕೆ ಮಾತ್ರ ವಿನಾಯಿತಿ ಉಂಟು. ಈ ನಿಯಮವನ್ನು ನಾನು ಒಂದು ಟ್ರಸ್ಟಿನ ಕಾರ್ಯದರ್ಶಿಗಳಿಗೆ ತಿಳಿಸಿ, ಈ ಬಾರಿ ಸನ್ಮಾನವನ್ನು ನಮ್ಮ ಬೀದಿಯಲ್ಲಿ ಹನ್ನೊಂದು ವರ್ಷ ರಾತ್ರಿ ಪಹರೆ ಮಾಡಿ ನಿವೃತ್ತರಾದ ಮುಖ್ಯ ಪೇದೆಗೆ ಮಾಡೋಣವೆಂದು ಸೂಚಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ‘ಆಯಿತು, ಆದರೆ ಆಮಂತ್ರಣ ಪತ್ರಿಕೆಯಲ್ಲಿ ಸಾಹೇಬರ ಹೆಸರೂ ಇರಲಿ, ಬಂದೋಬಸ್ತಿಗೆ ಅನುಕೂಲ’ ಎಂದರು. ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.